32 ಪೌಂಡ್ ರಿಕರ್ವ್ ಬಿಲ್ಲಿಗೆ ಕಡಿಮೆ ರೊಕ್ಕದಾಗ ನೇರ ಹೋಗೋ ಬಾಣ ಯಾವುದು?

ಪರ್ಸಿಕಲ್ಲು (ಕಲಬುರಗಿ):
ಎಲ್ಲರಿಗೂ ನಮಸ್ಕಾರ್ರಿ. 68 ಇಂಚಿನ ಟೇಕ್‌ಡೌನ್ (ಬಿಚ್ಚಿ ಜೋಡಿಸೋ) ರಿಕರ್ವ್ (ತುದಿ ಮುಂದಕ್ಕ ಬಾಗಿದ ಬಿಲ್ಲು) ಅದ, ಬಲಗೈ. ಲಿಂಬ್ (ಬಿಲ್ಲಿನ ಬಾಗೋ ತೋಳು) ಮ್ಯಾಲ 28 ಇಂಚಿಗೆ 32 ಪೌಂಡ್ ಎಳೆತ ಅಂತ ಅದ, ನನ್ನ ಡ್ರಾನೂ (ಹೆದೆ ಎಳೆಯೋ ಉದ್ದ) 28. ಅಮೆರಿಕದ ಬೇಟೆಗಾರರ ವಿಡಿಯೋ ನೋಡಿ 300 ಸ್ಪೈನ್ (ಬಾಣ ಎಷ್ಟು ಬಾಗ್ತದ ಅನ್ನೋ ಅಳತೆ) ಕಾರ್ಬನ್ ಬಾಣ ಆರು ತರಿಸೀನಿ, 31 ಇಂಚು ಉದ್ದ, 100 ಗ್ರೇನ್ (ಸಣ್ಣ ತೂಕದ ಅಳತೆ) ಪಾಯಿಂಟ್, ಅಂದ್ರ ಮುಂದಿನ ತುದಿ. 20 ಮೀಟರ್‌ಗೆ ಎಲ್ಲಾ ಎಡಕ್ಕೇ ಬೀಳ್ತಾವ, ಬಿಡೋವಾಗ ರೈಸರ್‌ಗೆ (ಬಿಲ್ಲಿನ ನಡುವಿನ ಹಿಡಿಕೆ ಭಾಗ) ಟಕ್ ಅಂತ ಬಡೀತಾವ. ಬಾಣ ಸೊಟ್ಟ ಇರಬಹುದೇನ್ರಿ? ಹೊಸದು ತಗೊಳ್ಳೋದಾದ್ರ ಕಡಿಮೆ ಬೆಲೆದಾಗ ಯಾವುದು ತಗೋಬೇಕು? ಇನ್ನೊಂದು, ಹೊಲದಾಗ ತೊಗರಿಗೆ ಹಂದಿ ಕಾಟ ಭಾಳ ಅದ, ಅದಕ್ಕೂ ಇದೇ ಬಿಲ್ಲು ನಡೀತದೇನು?

ಬಿದರಿ ಕುಸುರಿ (ಬೀದರ್):
ಬಾಣ ಸೊಟ್ಟ ಇಲ್ರಿ, ನಿಮ್ಮ ಬಿಲ್ಲಿಗೆ ಭಾಳ ಗಟ್ಟಿ ಆಗ್ಯಾದ. ಎರಡೂ ಬ್ಯಾರೆ ಬ್ಯಾರೆ ಮಾತು.

ಬೆರಳಿಂದ ಹೆದೆ ಬಿಟ್ಟಾಗ ಅದು ನೆಟ್ಟಗೆ ಮುಂದ ಹೋಗಂಗಿಲ್ಲ, ಬೆರಳ ಮ್ಯಾಲಿಂದ ಜಾರ್ಕೊಂತ ಸ್ವಲ್ಪ ಪಕ್ಕಕ್ಕ ಹೋಗ್ತದ. ಆ ಹೊಡೆತಕ್ಕ ಬಾಣ ಮೀನಿನಂಗ ಅತ್ಲಾಗೊಮ್ಮೆ ಇತ್ಲಾಗೊಮ್ಮೆ ಬಾಗಿ, ರೈಸರ್ ಸುತ್ತ ಬಳಸಿ ಹೋಗಬೇಕು. ಬಾಗದಿದ್ರ ಬಾಣದ ಹಿಂಭಾಗ ರೈಸರ್‌ಗೆ ತಾಗ್ತದ, ಬಲಗೈಯವರಿಗೆ ಬಾಣ ಎಡಕ್ಕ ಬೀಳ್ತದ. ನಿಮಗ ಕೇಳೋ ಟಕ್ ಸದ್ದು ಅದೇ. ವಿಡಿಯೋದವರು ಬಳಸೋದು 60–70 ಪೌಂಡಿನ ಕಾಂಪೌಂಡ್ (ತುದಿಗೆ ಗಾಲಿ ಇರೋ ಬಿಲ್ಲು), ಹೆದೆ ಬಿಡೋದು ರಿಲೀಸ್ ಯಂತ್ರದಿಂದ. ಅವರಿಗೆ 300, 340 ಸರಿ. 32 ಪೌಂಡಿಗೆ ಅದು ಕಬ್ಬಿಣದ ಸಲಾಕೆ ಇದ್ದಂಗ. ತುದಿ ಭಾರ ಎಷ್ಟು ಏರಿಸಿದ್ರೂ ಆ ಆರು ಬಾಣ ನಿಮ್ಮ ಬಿಲ್ಲಿಗೆ ಹೊಂದಂಗಿಲ್ಲ. ಕಾಂಪೌಂಡ್ ಇದ್ದವರಿಗೆ ಕೊಟ್ಟುಬಿಡ್ರಿ.

ಸ್ಪೈನ್ ನಂಬರ್ ದೊಡ್ಡದಾದಂಗ ಬಾಣ ಮೆತ್ತಗ, ಇದನ್ನ ಭಾಳ ಮಂದಿ ಉಲ್ಟಾ ತಿಳ್ಕೊಂಡಿರ್ತಾರ. ನಿಮಗ ಬೇಕಾಗಿದ್ದು 29 ಇಂಚು ಉದ್ದಕ್ಕ 700ರ ಆಸುಪಾಸು. ಎರಡು ದಾರಿ ಅದಾವ. ಒಂದು, ಅಲ್ಯೂಮಿನಿಯಂ 1816. ಈಸ್ಟನ್‌ನವರ ಈ ನಂಬರಿನ ಅರ್ಥ ಹೊರಗಿನ ದಪ್ಪ ಇಂಚಿನ 64ರಾಗ 18 ಪಾಲು, ಗೋಡೆ ದಪ್ಪ ಇಂಚಿನ 1000ದಾಗ 16 ಪಾಲು. ಅದರ ಸ್ಪೈನ್ 756 ಬರ್ತದ. ಒಂದಕ್ಕೊಂದು ತೂಕ ಹೊಂದ್ತದ, ಬೆಲೆನೂ ಹಗುರ. 18ರಿಂದ 30 ಮೀಟರ್ ಒಳಗ ಕಲಿಯೋರಿಗೆ ಇದಕ್ಕಿಂತ ಚಲೋದು ಬ್ಯಾಡ. ಆದ್ರ ಗುರಿ ತಪ್ಪಿ ಕಲ್ಲಿಗೆ ಬಡಿದ್ರ ಬಾಗ್ತದ. ಭಾರನೂ ಹೆಚ್ಚು, 50 ಮೀಟರ್‌ಗೆ ಹೋದ್ರ ಬಾಣ ಭಾಳ ಕೆಳಗ ಇಳೀತದ.

ಎರಡನೇದು 6.2 ಮಿ.ಮೀ. ಒಳವ್ಯಾಸದ ಕಾರ್ಬನ್ ಶಾಫ್ಟ್ (ಬಾಣದ ಕೊಳವೆ), 700 ಸ್ಪೈನ್, ತಿರುಗಿಸಿ ಹಾಕೋ ಪಾಯಿಂಟ್‌ದು. 80, 100, 120 ಗ್ರೇನ್ ಪಾಯಿಂಟ್ ಎರಡೆರಡು ಇಟ್ಕೊಂಡ್ರ ಬಾಣ ಬದಲು ಮಾಡದೇ ಟ್ಯೂನ್ ಮಾಡಬಹುದು. ನಾನಾದ್ರ ಇದನ್ನೇ ತಗೋ ಅಂತೀನಿ.

ನೇರ ಎಷ್ಟು ಅನ್ನೋದಕ್ಕ ±0.006, ±0.003, ±0.001 ಇಂಚು ಅಂತ ದರ್ಜೆ ಇರ್ತಾವ. ರೊಕ್ಕ ಸೋರಿ ಹೋಗೋದು ಇಲ್ಲೇ. 30 ಮೀಟರ್ ಒಳಗ 0.006ಕ್ಕೂ 0.001ಕ್ಕೂ ಇರೋ ಫರಕು ಕಲಿಯೋ ಕೈಯಾಗ ಕಾಣಂಗಿಲ್ಲ. ಸ್ಪೈನ್ ತಪ್ಪಿದ್ರ ಮೊದಲನೇ ಬಾಣದಾಗೇ ಕಾಣ್ತದ. 0.006 ದರ್ಜೇದು ತಗೊಂಡು, ಉಳಿದ ರೊಕ್ಕದಾಗ ಹೆಚ್ಚಿನ ನಾಕ್ (ಹೆದೆಗೆ ಕೂಡೋ ಹಿಂದಿನ ಸೀಳು ತುಂಡು), ವೇನ್ (ಹಿಂದಿನ ಗರಿ), ಪಾಯಿಂಟ್ ತರ್ರಿ.

ಉದ್ದ ಮಾತ್ರ ಗಿಡ್ಡ ಮಾಡಬ್ಯಾಡ್ರಿ. ಬಾಣದ ಉದ್ದ ಅಂದ್ರ ನಾಕ್‌ನ ಸೀಳಿನ ತಳದಿಂದ ಶಾಫ್ಟ್ ಕೊನೇತನಕ, ಪಾಯಿಂಟ್ ಲೆಕ್ಕಕ್ಕಿಲ್ಲ. ಪೂರ್ತಿ ಎಳೆದಾಗ ರೆಸ್ಟ್‌ಗಿಂತ (ಬಿಲ್ಲಿನ ಮ್ಯಾಲ ಬಾಣ ಕೂಡೋ ಆಸರೆ) ಕನಿಷ್ಠ ಒಂದು ಇಂಚು ಮುಂದ ಇರಬೇಕು. ಭಂಗಿ ಸುಧಾರಿಸಿದಂಗ ಡ್ರಾ ಉದ್ದ ಆಗ್ತದ, ಆಗ ಗಿಡ್ಡ ಬಾಣ ರೆಸ್ಟ್ ಹಿಂದ ಜಾರಿ ಬಿದ್ದು ಬಿಲ್ಲು ಹಿಡಿದ ಕೈಗೇ ಚುಚ್ತದ.

ಬೋನಾಳ ಹಕ್ಕಿ (ಯಾದಗಿರಿ):
ಹಂದಿ ಪ್ರಶ್ನೆಗೆ ಸ್ಪಷ್ಟ ಉತ್ತರ: ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ನಮ್ಮ ದೇಶದಲ್ಲಿ ಅನುಮತಿ ಇಲ್ಲದೆ ಕಾಡುಪ್ರಾಣಿ ಬೇಟೆ ಅಪರಾಧ, ಪ್ರಾಣಿ ನಿಮ್ಮ ಹೊಲದೊಳಗೇ ಬಂದಿದ್ದರೂ ಅಷ್ಟೇ. ಆ ಕಾಯ್ದೆಯಲ್ಲಿ 'ಆಯುಧ' ಪದದ ವ್ಯಾಖ್ಯೆಯೊಳಗೆ ಬಿಲ್ಲು ಬಾಣದ ಹೆಸರೇ ಇದೆ. ಚಿಂಚೋಳಿ ವನ್ಯಧಾಮಕ್ಕೆ ಹೋಗುವಾಗ ಬಿಲ್ಲನ್ನು ಗಾಡಿಯಲ್ಲಿ ಇಟ್ಟುಕೊಂಡಿದ್ದರೂ ತಪ್ಪೇ. ಮುಖ್ಯ ವನ್ಯಜೀವಿ ಪರಿಪಾಲಕರ ಲಿಖಿತ ಅನುಮತಿ ಇಲ್ಲದೆ ಅಭಯಾರಣ್ಯದೊಳಗೆ ಆಯುಧ ಒಯ್ಯುವಂತಿಲ್ಲ. ಬೆಳೆ ಹಾನಿಗೆ ಅರಣ್ಯ ಇಲಾಖೆ ಪರಿಹಾರ ಕೊಡುತ್ತದೆ. ಹಾಳಾದ ಸಾಲುಗಳ ಫೋಟೊ, ಪಹಣಿ ಸಮೇತ ಅರ್ಜಿ ಕೊಡಿ.

ಕಾನೂನು ಪಕ್ಕಕ್ಕಿಟ್ಟರೂ, 32 ಪೌಂಡಿನ ಬಾಣ ಹಂದಿಯನ್ನು ಕೊಲ್ಲುವುದಿಲ್ಲ, ಗಾಯ ಮಾಡಿ ಓಡಿಸುತ್ತದೆ. ಪ್ರಾಣಿ ದಿನಗಟ್ಟಲೆ ನರಳಿ ಸಾಯುತ್ತದೆ. ಬೇಟೆಗೆ ಪರವಾನಗಿ ಇರುವ ದೇಶಗಳಲ್ಲಿ ಭಾರದ ಬಾಣ, ಬ್ಲೇಡ್ ತುದಿ, ತುದಿಯ ಕಡೆ ಹೆಚ್ಚು ತೂಕ ಎಂದೆಲ್ಲ ಹೇಳುವುದು ಬಾಣ ಆಳಕ್ಕೆ ಇಳಿದು ಪ್ರಾಣಿ ಬೇಗ ಸಾಯಲಿ ಎಂದು. ಕಾಗದದ ಗುರಿಗೆ ಆ ಲೆಕ್ಕ ಅನ್ವಯಿಸುವುದಿಲ್ಲ. ಬ್ಲೇಡ್ ತುದಿಯಂತೂ ತರಿಸಲೇಬೇಡಿ, ಎರಡು ದಿನದಲ್ಲಿ ಟಾರ್ಗೆಟ್ ಚಿಂದಿ ಮಾಡುತ್ತದೆ.

ಪರ್ಸಿಕಲ್ಲು:
ಹಂದಿ ಮಾತು ಬಿಟ್ಟೆ, ತಿಳೀತ್ರಿ. ಆದ್ರ ಆನ್‌ಲೈನ್‌ದಾಗ 'ಮಿಕ್ಸ್ ಕಾರ್ಬನ್' ಅಂತ ಹಾಕಿರ್ತಾರ, ಎಲ್ಲಾದಕ್ಕೂ 500 ಸ್ಪೈನ್ ಅಂತನೇ ಬರದಿರ್ತಾರ. ನಂಬೋದು ಹೆಂಗ್ರಿ?

ಸೇಡಂ ತಕ್ಕಡಿ:
ನಂಬಬೇಡಿ, ಅಳೆಯಿರಿ. ಮಿಕ್ಸ್ ಕಾರ್ಬನ್ ಅಂದರೆ ಫೈಬರ್‌ಗ್ಲಾಸ್ ಬೆರೆಸಿದ್ದು, ಒಂದೇ ಕಟ್ಟಿನಲ್ಲೂ ಸ್ಪೈನ್ ಒಂದೊಂದು ಥರ ಇರಬಹುದು.

ಸ್ಪೈನ್ ಅಳತೆಯ ಕ್ರಮ ಸರಳ. 28 ಇಂಚು, ಅಂದರೆ 71.1 ಸೆಂ.ಮೀ. ಅಂತರದಲ್ಲಿ ಎರಡು ಮೊಳೆ ಹೊಡೆದು ಅವುಗಳ ಮೇಲೆ ಶಾಫ್ಟ್ ಅಡ್ಡ ಇಡಿ. ನಡುಮಧ್ಯೆ 880 ಗ್ರಾಂ ತೂಗುಹಾಕಿ. ಒಂದು ಲೀಟರ್ ಬಾಟಲಿಗೆ ನೀರು ತುಂಬಿ, ದಾರ, ಕೊಕ್ಕೆ ಸೇರಿ ಒಟ್ಟು 880 ಗ್ರಾಂ ಆಗುವಂತೆ ಮಾಡಿಕೊಂಡರೆ ಸಾಕು. ಮಧ್ಯಭಾಗ ಎಷ್ಟು ಇಳಿಯಿತು ಎಂದು ನೋಡಿ. 0.7 ಇಂಚು, ಅಂದರೆ 17.8 ಮಿ.ಮೀ. ಇಳಿದರೆ 700 ಸ್ಪೈನ್. 500ಕ್ಕೆ 12.7, ನಿಮ್ಮ ಹಳೆಯ 300ಕ್ಕೆ 7.6 ಮಿ.ಮೀ. ಪಕ್ಕದಲ್ಲಿ ಸ್ಟೀಲ್ ಸ್ಕೇಲ್ ನಿಲ್ಲಿಸಿ, ಕಣ್ಣು ಅದರ ಮಟ್ಟದಲ್ಲಿಟ್ಟು ಓದಿ. ಶಾಫ್ಟನ್ನು ಕಾಲು ಸುತ್ತು ತಿರುಗಿಸಿ ಮತ್ತೆ ಅಳೆಯಿರಿ. ಅಗ್ಗದ ಕಾರ್ಬನ್‌ನಲ್ಲಿ ಒಂದು ಮಗ್ಗುಲು ಹೆಚ್ಚು ಗಟ್ಟಿ ಇರುತ್ತದೆ. ಆ ಮಗ್ಗುಲಿಗೆ ಗುರುತು ಹಾಕಿ, ಎಲ್ಲ ಬಾಣದಲ್ಲೂ ನಾಕ್ ಅದೇ ದಿಕ್ಕಿಗೆ ಕೂರಿಸಿ. ಖರ್ಚಿಲ್ಲದ ಕೆಲಸ, ಬಾಣಗಳು ಹತ್ತಿರ ಹತ್ತಿರ ಬೀಳತೊಡಗುತ್ತವೆ.

ತೂಕಕ್ಕೆ ಬಂಗಾರದ ಅಂಗಡಿಯ ತಕ್ಕಡಿ ಸಾಕು. 1 ಗ್ರಾಂ ಎಂದರೆ 15.43 ಗ್ರೇನ್. ಪೂರ್ತಿ ಜೋಡಿಸಿದ ಬಾಣಗಳ ನಡುವೆ 5 ಗ್ರೇನ್, ಅಂದರೆ ಸುಮಾರು 0.32 ಗ್ರಾಂ ಒಳಗಿನ ವ್ಯತ್ಯಾಸ ಇರುವವನ್ನು ಒಂದು ಗುಂಪು ಮಾಡಿ. ಹನ್ನೆರಡು ತಂದರೆ ಎಂಟೋ ಒಂಬತ್ತೋ ಹೊಂದುತ್ತವೆ, ಉಳಿದವು ಹತ್ತಿರದ ಅಭ್ಯಾಸಕ್ಕೆ. ಆಮೇಲೆ ಮುಂಭಾರ (ತೂಕ ಶೇಕಡಾ ಎಷ್ಟು ಮುಂದಕ್ಕಿದೆ ಎಂಬ ಲೆಕ್ಕ): ನಾಕ್ ಸೀಳಿನಿಂದ ಬಾಣ ಸಮತೂಗುವ ಜಾಗದವರೆಗಿನ ದೂರದಲ್ಲಿ ಅರ್ಧ ಉದ್ದ ಕಳೆದು, ಪೂರ್ತಿ ಉದ್ದದಿಂದ ಭಾಗಿಸಿ, 100ರಿಂದ ಗುಣಿಸಿ. 29 ಇಂಚಿನ ಬಾಣ 17.75 ಇಂಚಿನಲ್ಲಿ ಸಮತೂಗಿದರೆ ಸುಮಾರು 11.2. ಕಾರ್ಬನ್‌ಗೆ 10ರಿಂದ 15 ಚೆನ್ನ.

ಕೊನೆಯ ಪರೀಕ್ಷೆ ಬೇರ್ ಶಾಫ್ಟ್, ಅಂದರೆ ಬೋಳು ಬಾಣದ್ದು. ಎರಡು ಬಾಣಕ್ಕೆ ವೇನ್ ಅಂಟಿಸದೆ ಇಟ್ಟುಕೊಳ್ಳಿ. ಮೊದಲು 5 ಮೀಟರ್‌ನಿಂದ, ಆಮೇಲೆ 18 ಮೀಟರ್‌ನಿಂದ, ವೇನ್ ಇರುವ ಮೂರರ ಜೊತೆ ಬಿಡಿ. ಮೇಲೆ ಕೆಳಗೆ ಬೀಳುವುದನ್ನು ಮೊದಲು ಸರಿಮಾಡಿ: ಬೋಳು ಬಾಣ ಉಳಿದವಕ್ಕಿಂತ ಕೆಳಗೆ ಬಿದ್ದರೆ ನಾಕಿಂಗ್ ಪಾಯಿಂಟ್ (ಹೆದೆಯ ಮೇಲೆ ನಾಕ್ ಕೂರುವ ಜಾಗ) ಎತ್ತರದಲ್ಲಿದೆ, ಇಳಿಸಿ. ಮೇಲೆ ಬಿದ್ದರೆ ಏರಿಸಿ. ಅದು ಸರಿಯಾದ ಮೇಲಷ್ಟೇ ಎಡಬಲ ನೋಡಿ. ಎಡಕ್ಕೆ ಬಿದ್ದರೆ ಗಟ್ಟಿ: ಪಾಯಿಂಟ್ 100ರಿಂದ 120ಕ್ಕೆ ಏರಿಸಿ. ಬಲಕ್ಕೆ ಬಿದ್ದರೆ ಮೆತ್ತಗೆ: 80 ಹಾಕಿ, ಆಗಲಿಲ್ಲ ಎಂದರೆ ಕಾಲಿಂಚು ಕತ್ತರಿಸಿ ಮತ್ತೆ ಬಿಡಿ. ಒಮ್ಮೆಲೇ ಒಂದಿಂಚು ಕತ್ತರಿಸಿದರೆ ಮರಳಿ ಸೇರಿಸಲಾಗದು. ಹಾಗಾಗಿ ಶಾಫ್ಟನ್ನು 30 ಇಂಚು ಇಟ್ಟುಕೊಂಡೇ ಶುರು ಮಾಡಿ.

ಬಿದರಿ ಕುಸುರಿ:
ತಕ್ಕಡಿಯವರು ಹೇಳಿದ್ದಕ್ಕ ಕೂಡಿಸ್ತೀನಿ. ಕಾರ್ಬನ್ ಕತ್ತರಿಸೋಕ ಹ್ಯಾಕ್ಸಾ ಬ್ಯಾಡ್ರಿ, ಎಳೆ ಸೀಳ್ತಾವ. ಗ್ರೈಂಡರ್‌ಗೆ ತೆಳು ಕಟಿಂಗ್ ಡಿಸ್ಕ್ ಹಾಕ್ರಿ, ಬಾಯಿಗೆ ಮಾಸ್ಕ್ ಕಟ್ರಿ, ಆ ಪುಡಿ ಪುಪ್ಪುಸಕ್ಕ ಕೆಟ್ಟದ್ದು. ಇನ್ಸರ್ಟ್ (ಪಾಯಿಂಟ್ ತಿರುಗಿಸಿ ಹಾಕೋ ಒಳತುಂಡು) ಕೂಡಿಸೋಕ ಎರಡು ಟ್ಯೂಬಿನ ಇಪಾಕ್ಸಿ ಒಳ್ಳೇದು. ಬಿಸಿ ಮಾಡಿ ಹಚ್ಚೋ ಅಂಟು ನಮ್ಮ ಏಪ್ರಿಲ್, ಮೇ ಬಿಸಿಲಾಗ ಕಾರಿನೊಳಗ ಇಟ್ರ ಮೆತ್ತಗಾಗ್ತದ, ಪಾಯಿಂಟ್ ಟಾರ್ಗೆಟ್‌ನಾಗೇ ಉಳೀತದ. ವೇನ್ ಹಚ್ಚೋ ಮೊದಲು ಶಾಫ್ಟ್‌ಗೆ ಸ್ಪಿರಿಟ್ ಒರೆಸ್ರಿ, ಕೈ ಜಿಡ್ಡಿದ್ರ ವಾರದಾಗ ಕಿತ್ತು ಬರ್ತಾವ.

ನಾಕ್ ಹೆದೆಗೆ ಹಾಕಿ ಬಾಣ ಕೆಳಮುಖ ತೂಗಬಿಡ್ರಿ. ತಾನಾಗಿ ಬೀಳಬಾರದು, ಹೆದೆಗೆ ಬೆರಳಿಂದ ಚಿಟಕಿ ಹೊಡೆದ್ರ ಬೀಳಬೇಕು. ಸಡಿಲಿದ್ರ ಎಳೆಯೋವಾಗ ಕಳಚಿ ಖಾಲಿ ಹೆದೆ ಬಿಟ್ಟಂಗಾಗಿ ಲಿಂಬ್ ಒಡೀತದ. ಬಿಗಿ ಇದ್ರ ಬಾಣ ಮ್ಯಾಲ ಕೆಳಗ ಚದುರ್ತದ.

ಗುರಿ ತಪ್ಪಿದ ಕಾರ್ಬನ್ ಬಾಣವನ್ನ ಹಂಗೇ ಮತ್ತ ಹೆದೆಗೆ ಏರಿಸಬ್ಯಾಡ್ರಿ. ಎರಡೂ ತುದಿ ಹಿಡಿದು ಸ್ವಲ್ಪ ಬಗ್ಗಿಸ್ರಿ, ತಿರುವ್ರಿ, ಕಿವಿ ಹತ್ರ ಹಿಡಿದು ಚಟಚಟ ಸದ್ದು ಬರ್ತದೇನು ಕೇಳ್ರಿ. ಹತ್ತಿ ಉಂಡೆ ಸವರಿದ್ರ ಬಿರುಕಿದ್ದಲ್ಲಿ ಎಳೆ ಸಿಕ್ಕೊಳ್ತದ. ಬಿರುಕು ಬಿಟ್ಟ ಬಾಣ ಬಿಟ್ಟಾಗ ಸೀಳಿ ಬಿಲ್ಲು ಹಿಡಿದ ಕೈಯೊಳಗ ಹೋಗ್ತದ. ಸಣ್ಣ ಅನುಮಾನ ಬಂದ್ರೂ ಮುರಿದು ಬಿಸಾಕ್ರಿ, ಇಲ್ಲಿ ರೊಕ್ಕ ಉಳಿಸೋ ಮಾತೇ ಇಲ್ಲ.

ಬೋನಾಳ ಹಕ್ಕಿ:
ಜಾಗದ ಬಗ್ಗೆ ಎರಡು ಮಾತು. ಪರ್ಸಿ ಕಲ್ಲಿನ ಗೋಡೆಗೆ ಮುಖ ಮಾಡಿ ಟಾರ್ಗೆಟ್ ನಿಲ್ಲಿಸಬೇಡಿ, ತಪ್ಪಿದ ಪ್ರತಿ ಬಾಣವೂ ಹೋದಂತೆ. ಎರೆಹೊಲದಲ್ಲಿ ಬಾಣ ಮುರಿಯುವುದಿಲ್ಲ, ಆದರೆ ಬೇಸಿಗೆಯ ಬಿರುಕಿಗೆ ಇಳಿದು ಕಾಣೆಯಾಗುತ್ತದೆ. ಅದಕ್ಕೆ ನಾಕ್, ವೇನ್ ಎರಡೂ ಕಣ್ಣು ಕುಕ್ಕುವ ಗುಲಾಬಿಯೋ ಹಳದಿಯೋ ಇರಲಿ. ಜೋಳದ ಕಣಿಕೆ ಗಟ್ಟಿ, ಬಾಣ ಅಲ್ಲಲ್ಲಿ ಸರಿದು ಹೋಗುತ್ತದೆ. ಭತ್ತದ ಹುಲ್ಲನ್ನು ಬಿಗಿಯಾಗಿ ತುಳಿದು ಕಟ್ಟಿದ ಕಟ್ಟು ಮೇಲು. ಫೋಮ್ ಹಾಕಿದರೆ ತಿಕ್ಕಾಟದ ಬಿಸಿಗೆ ಕರಗಿ ಶಾಫ್ಟ್‌ಗೆ ಅಂಟುತ್ತದೆ, ತುದಿಯಿಂದ ಒಂದು ಗೇಣು ಒಣ ಸೋಪು ತಿಕ್ಕಿ. ಕೀಳುವಾಗ ಒಂದು ಕೈ ಟಾರ್ಗೆಟ್ ಮೇಲೆ ಒತ್ತಿ, ಇನ್ನೊಂದರಿಂದ ಬಾಣವನ್ನು ಟಾರ್ಗೆಟ್‌ಗೆ ತಾಗಿದಲ್ಲೇ ಹಿಡಿದು ನೆಟ್ಟಗೆ ಎಳೆಯಿರಿ. ಹಿಂದೆ ಯಾರೂ ನಿಂತಿರಬಾರದು, ನಾಕ್ ನೇರ ಕಣ್ಣಿಗೆ ಬರುತ್ತದೆ.

ಪರ್ಸಿಕಲ್ಲು:
ಮೊಳೆ ಹೊಡೆದು ಈಗಷ್ಟೇ ಅಳೆದೆ ಅಣ್ಣಾರೆ. ಆರರಾಗ ನಾಲ್ಕು ಎಂಟು ಮಿ.ಮೀ. ಇಳಿದಾವ, ಎರಡು ಹನ್ನೊಂದು. 700ದು ಶಾಫ್ಟ್ ಹನ್ನೆರಡು, 30 ಇಂಚು, ಮೂರೂ ತೂಕದ ಪಾಯಿಂಟ್ ಹೇಳ್ತೀನಿ. ಬಂದ ಮ್ಯಾಲ ಬೋಳು ಬಾಣ ಎಲ್ಲಿ ಬಿತ್ತು ಅಂತ ಇಲ್ಲೇ ಹಾಕ್ತೀನಿ.