ಬಿಇ ಸಿವಿಲ್ ಆಗೇತಿ, ಹೊರದೇಶದಾಗೂ ಎಂಜಿನಿಯರ್ ಆಗೇ ಇರಬೇಕು: ಎಲ್ಲಿಂದ ಶುರು ಮಾಡ್ಲಿ?

ಹಾವೇರಿ ಸಿವಿಲ್:

ಎಲ್ಲರಿಗೂ ನಮಸ್ಕಾರ. ಹೋದ ವರ್ಷ ವಿಟಿಯು ಕಾಲೇಜಿನಾಗ ಬಿಇ ಸಿವಿಲ್ ಮುಗಿಸೇನಿ. ಈಗ ರಾಣೆಬೆನ್ನೂರು ಹತ್ರ ಒಂದು ರಸ್ತೆ ಕೆಲಸದಾಗ ಸೈಟ್ ಎಂಜಿನಿಯರ್. ಲೆವೆಲ್ ತೆಗೆಯೋದು, ಸಿಡಿ ಕೆಲಸದ (ಮೋರಿ, ಸಣ್ಣ ಸೇತುವೆ) ಬಾರ್ ಬೆಂಡಿಂಗ್ ಶೆಡ್ಯೂಲ್ ಅಂದ್ರ ಕಬ್ಬಿಣದ ಸರಳಿನ ಪಟ್ಟಿ, ಕಾಂಕ್ರೀಟಿನ ಬಲ ನೋಡಾಕ ಕ್ಯೂಬ್ ತುಂಬಿಸೋದು, ಸಂಜೆ ಬಿಲ್ಲಿಗೆ ಅಳತಿ ಬರೆಯೋದು, ಎಲ್ಲಾ ನಾನೇ ನೋಡ್ಕೋತೇನಿ. ಕೆಲಸದ ಮ್ಯಾಲೆ ಪ್ರೀತಿ ಐತಿ. ಆದ್ರ ಬಂದರು, ಮೆಟ್ರೊ, ದೊಡ್ಡ ಸೇತುವೆ ಅಂಥಾದ್ರಾಗ ದುಡೀಬೇಕು ಅನ್ನೋ ಆಸೆ. ಹೊರದೇಶಕ್ಕ ಹೋಗಿ ಅಂಗಡಿ, ಗೋಡೌನ್ ಕೆಲಸ ಹಿಡಿಯೋದು ಬ್ಯಾಡ.

ಹುಬ್ಬಳ್ಳಿ ಏಜೆಂಟ್ ಒಬ್ರು ದುಬೈ ಕೆಲಸಕ್ಕ ಎರಡೂವರೆ ಲಕ್ಷ ಕೇಳಾಕತ್ತಾರ. ಮೊದಲು ವಿಸಿಟ್ ವೀಸಾದಾಗ ಹೋಗ್ರಿ, ಅಲ್ಲೇ ಬದಲಿ ಮಾಡಿಸೋಣು ಅಂತಾರ. ಅಪ್ಪ ಹೊಲದ ಮ್ಯಾಲೆ ಸಾಲ ತೆಗೀತೇನಿ ಅಂತಾನ. ಗೆಳೆಯ ಜರ್ಮನಿಗೆ ಎಂಎಸ್ ಮಾಡೋಣು ಅಂತಾನ. ಈ ದಾರಿ ನಡೆದವರು ಯಾರಾದ್ರೂ ಹೇಳ್ರಿ.

ಕುಂದಾಪುರದ ಕ್ಯೂಎಸ್:

ಮೊದಲು ಹೊಲದ ಮಾತು. ಸಾಲ ಬೇಡ ಎಂದು ತಂದೆಯವರಿಗೆ ಇವತ್ತೇ ಹೇಳಿ.

ನಾನು ದುಬೈಯಲ್ಲಿ ಕ್ವಾಂಟಿಟಿ ಸರ್ವೇಯರ್ (ಕ್ಯೂಎಸ್), ಕಟ್ಟಡ ಕೆಲಸದ ಅಳತೆ, ಬಿಲ್ಲು, ಗುತ್ತಿಗೆ ನೋಡುವುದು ನನ್ನ ಕೆಲಸ. ಹೊರದೇಶದ ಕೆಲಸಕ್ಕೆ ಜನ ಕಳಿಸುವ ಏಜೆಂಟರಿಗೆ ಕೇಂದ್ರ ಸರ್ಕಾರದ ನೋಂದಣಿ ಇರಲೇಬೇಕು. ನಿಮ್ಮಿಂದ ಅವರು ತೆಗೆದುಕೊಳ್ಳಬಹುದಾದ ಗರಿಷ್ಠ ಶುಲ್ಕ 30,000 ರೂಪಾಯಿ, ಅದರ ಮೇಲೆ ಜಿಎಸ್‌ಟಿ. ಇ-ಮೈಗ್ರೇಟ್ ಜಾಲತಾಣದಲ್ಲಿ ಅವರ ಹೆಸರು ಇದೆಯೇ ಎಂದು ನೋಡಿ. ಇದ್ದರೂ ಎರಡೂವರೆ ಲಕ್ಷ ಕೇಳುವವರ ಹತ್ತಿರ ಮುಂದಿನ ಮಾತೇ ಬೇಡ. ಯುಎಇ ಕಾನೂನಿನಲ್ಲಿ ನೇಮಕಾತಿಯ ಖರ್ಚು ಕಂಪನಿಯದ್ದು, ಕೆಲಸಕ್ಕೆ ಬಂದವನಿಂದ ವಸೂಲು ಮಾಡುವ ಹಾಗಿಲ್ಲ. ವಿಸಿಟ್ ವೀಸಾದಲ್ಲಿ ದುಡಿಯುವುದೂ ಕಾನೂನುಬಾಹಿರ. ಹಾಗೆ ಬಂದು ಸಂಬಳ ಸಿಗದೆ ಕೂತ ಹುಡುಗರನ್ನು ಕಂಡಿದ್ದೇನೆ, ಬಿಇ ಆದವರೇ. ಊರಿಗೆ ಫೋನ್ ಮಾಡಲಿಕ್ಕೂ ಅವರಿಗೆ ಮುಖವಿರಲಿಲ್ಲ.

ಡಿಗ್ರಿ ಸರ್ಟಿಫಿಕೇಟಿನ ಅಟೆಸ್ಟೇಶನ್ (ಅಸಲಿ ಎಂಬ ದೃಢೀಕರಣ) ಬಗ್ಗೆ ತಿಳಿದುಕೊಂಡಿರಿ. ರಾಜ್ಯ ಮಟ್ಟದಲ್ಲಿ ಒಂದು ಮುದ್ರೆ, ಆಮೇಲೆ ನಮ್ಮ ವಿದೇಶಾಂಗ ಸಚಿವಾಲಯ, ಯುಎಇ ರಾಯಭಾರ ಕಚೇರಿ, ಕೊನೆಗೆ ಅಲ್ಲಿಯ ವಿದೇಶಾಂಗ ಸಚಿವಾಲಯ. ಕುವೈತಿನಲ್ಲಿ ಇನ್ನೂ ಬಿಗಿ. 2018ರಲ್ಲಿ ಎನ್‌ಬಿಎ (ಕೋರ್ಸುಗಳ ಗುಣಮಟ್ಟ ನೋಡುವ ನಮ್ಮ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇಲ್ಲದ ಕಾಲೇಜಿನ ಡಿಗ್ರಿಯನ್ನು ಎಂಜಿನಿಯರ್ ಹುದ್ದೆಗೆ ಒಪ್ಪುವುದಿಲ್ಲ ಎಂದಾಗ, ಎಷ್ಟೋ ವರ್ಷ ಅಲ್ಲೇ ದುಡಿದ ನಮ್ಮವರೂ ಪರದಾಡಿದರು.

ಇನ್ನೊಂದು. ಸಂಜೆ ಅಳತೆ ಬರೆಯುತ್ತೇನೆ ಎಂದಿರಲ್ಲ, ಅದನ್ನು ಸಣ್ಣ ಕೆಲಸ ಎಂದುಕೊಳ್ಳಬೇಡಿ ಮಾರಾಯ್ರೆ. ಗಲ್ಫಿನ ದೊಡ್ಡ ಗುತ್ತಿಗೆಗಳಲ್ಲಿ ಬಹಳಷ್ಟು ಫಿಡಿಕ್ (ಕನ್ಸಲ್ಟಿಂಗ್ ಎಂಜಿನಿಯರುಗಳ ಅಂತರರಾಷ್ಟ್ರೀಯ ಒಕ್ಕೂಟ) ಮಾದರಿಯವು. ಅವರ 1999ರ ಕೆಂಪು ಪುಸ್ತಕ ಎಂಬ ಗುತ್ತಿಗೆ ನಮೂನೆಯ 20.1ನೇ ಕಲಮು ಓದಿ: ಗುತ್ತಿಗೆದಾರನಿಗೆ ಹೆಚ್ಚಿನ ಸಮಯವೋ ಹಣವೋ ಬೇಕಾದರೆ, ಕಾರಣ ತಿಳಿದ 28 ದಿನದೊಳಗೆ ನೋಟಿಸ್ ಕೊಡಬೇಕು. ತಪ್ಪಿದರೆ ಕೇಳುವ ಹಕ್ಕೇ ಹೋಗುತ್ತದೆ. ಆ ನೋಟಿಸಿಗೆ ಆಧಾರ ಸೈಟ್ ಡೈರಿ. ಡ್ರಾಯಿಂಗ್ ಯಾವತ್ತು ಕೈಗೆ ಬಂತು, ಯಾವ ಎಕ್ಸ್‌ಕವೇಟರ್ ಎಷ್ಟು ಗಂಟೆ ನಿಂತಿತ್ತು, ಎಷ್ಟು ಜನ ಕೆಲಸವಿಲ್ಲದೆ ಕೂತರು. ಇದನ್ನು ಶಿಸ್ತಿನಿಂದ ಬರೆಯಬಲ್ಲ ಸೈಟ್ ಎಂಜಿನಿಯರ್ ಸಿಕ್ಕಿದರೆ ನಾವು ಬಿಡುವುದಿಲ್ಲ.

ಸುರಂಗ ಪಾಳಿ:

ತಮ್ಮಾ, ದೇಶ ಆಮೇಲೆ ಆರಿಸು, ಮೊದಲು ಕೆಲಸ ಆರಿಸು. ಬರೀ "ಸಿವಿಲ್" ಅಂದರೆ ಹೊರಗಡೆ ಯಾರೂ ಕರೆಯಲ್ಲ. ಪೈಲಿಂಗ್ (ನೆಲದಾಳಕ್ಕೆ ಕಂಬ ಇಳಿಸೋದು) ಬಲ್ಲವರು ಬೇಕು, ಡ್ರೆಜಿಂಗ್ (ನೀರಡಿಯ ಹೂಳೆತ್ತೋದು) ಬಲ್ಲವರು ಬೇಕು, ಸುರಂಗ ಬಲ್ಲವರು ಬೇಕು ಅಂತಾರೆ. ವಿಶ್ವೇಶ್ವರಯ್ಯನವರನ್ನು 1906ರ ಸುಮಾರಿಗೆ ಈಗಿನ ಯೆಮೆನ್‌ನ ಏಡನ್‌ಗೆ ಕಳಿಸಿದ್ದೂ ಹಾಗೇ, ಸಿಂಧ್ ಪ್ರಾಂತದ ಸಕ್ಕರ್‌ನಂಥ ಊರಿಗೆ ನೀರು ಕೊಟ್ಟ ಕೈ ಅದು ಅಂತ.

ನಾನು ತಿಪಟೂರಿನವಳು. ಬೆಂಗಳೂರು ಮೆಟ್ರೊದ ಗುಲಾಬಿ ಮಾರ್ಗದಲ್ಲಿ ಪಾಳಿ ಎಂಜಿನಿಯರ್ ಆಗಿದ್ದೆ, ಈಗ ಸಿಂಗಪುರದಲ್ಲಿ ಅದೇ ಕೆಲಸ. ಡೇರಿ ಸರ್ಕಲ್‌ನಿಂದ ನಾಗವಾರದವರೆಗೆ ಒಂಬತ್ತು ಟಿಬಿಎಂ (ಸುರಂಗ ಕೊರೆಯೋ ಯಂತ್ರ) ಇಳಿಸಿದ್ದರು. 2024ರ ಅಕ್ಟೋಬರ್ ಕೊನೆಗೆ ಭದ್ರಾ ಅನ್ನೋ ಯಂತ್ರ ನಾಗವಾರದಲ್ಲಿ ಹೊರಬಂದಾಗ ಕೊರೆಯೋದು ಮುಗೀತು. ಬೆಂಗಳೂರಿನ ನೆಲ ಬಹಳ ಕಷ್ಟದ್ದು. ಕಟರ್‌ಹೆಡ್‌ನ (ಯಂತ್ರದ ಮುಂದಿನ ಕೊರೆಯೋ ಚಕ್ರ) ಕೆಳಗರ್ಧಕ್ಕೆ ನೈಸ್ ಅನ್ನೋ ಗಟ್ಟಿ ಬಂಡೆ, ಮೇಲರ್ಧಕ್ಕೆ ಕೊಳೆತ ಬಂಡೆ, ಮಣ್ಣು, ಮಧ್ಯೆ ಗುಂಡುಕಲ್ಲುಗಳು. ಮಿಕ್ಸ್‌ಡ್ ಫೇಸ್ ಅಂತೀವಿ. ಬಂಡೆಯಲ್ಲಿ ಯಂತ್ರ ನಿಧಾನ, ಅಷ್ಟರಲ್ಲಿ ಮೇಲಿನ ಮಣ್ಣು ಲೆಕ್ಕಕ್ಕಿಂತ ಹೆಚ್ಚು ಒಳಗೆ ಬಂದರೆ ಮೇಲೆ ರಸ್ತೆ ಕುಸಿದು ಕೂರುತ್ತೆ. ಸಿಂಗಪುರದ ಬುಕಿಟ್ ತಿಮಾ ಗ್ರಾನೈಟ್‌ನಲ್ಲೂ ಇದೇ ಕಾಟ. ಅದಕ್ಕೇ ಬೆಂಗಳೂರಿನ ಸುರಂಗದಲ್ಲಿ ಪಾಳಿ ಮಾಡಿದವರಿಗೆ ಇಲ್ಲಿ ಬೆಲೆ.

ಇಂಟರ್‌ವ್ಯೂನಲ್ಲಿ ಕೇಳಿದ್ದು ಇದು: ರಸ್ತೆ ಎಚ್ಚರಿಕೆ ಮಟ್ಟ ದಾಟಿ ಕೂತಾಗ ನೀವು ಏನು ಮಾಡಿದಿರಿ? ನಿಮ್ಮ ಕಂಪನಿ ಏನು ಮಾಡಿತು ಅಂತ ಕೇಳಲಿಲ್ಲ. ಆ ಪಾಳಿಯಲ್ಲಿ ಮುಖದ ಒತ್ತಡ (ಯಂತ್ರ ಎದುರಿನ ಮಣ್ಣನ್ನ ತಡೆದು ಹಿಡಿಯೋ ಒತ್ತಡ) ಎಷ್ಟಿತ್ತು, ಹೊರಬಂದ ಮಣ್ಣು ಸುರಂಗದ ಗೋಡೆಯ ಯಾವ ಕಾಂಕ್ರೀಟ್ ರಿಂಗಿನಿಂದ ಏರತೊಡಗಿತು, ಒತ್ತಡ ಏರಿಸಿ ಎರಡನೇ ಸಲ ಗ್ರೌಟ್ ಮಾಡಿ (ಸಂದಿಗೆ ಸಿಮೆಂಟ್ ಗಾರೆ ತುಂಬಿ) ಅಂತ ನಾನು ಯಾಕೆ ಹೇಳಿದೆ ಅನ್ನೋದನ್ನ ಬಿಡಿಸಿ ಹೇಳಿದೆ. ಅದಾದ ಮೇಲೆ ಸಾಫ್ಟ್‌ವೇರ್ ಪಟ್ಟಿ ಕಡೆ ಯಾರೂ ನೋಡಲಿಲ್ಲ. ನೀನೂ ನಿನ್ನ ತೀರ್ಮಾನಗಳನ್ನ ದಿನಾ ಬರೆದಿಡು. ಕಂಪನಿಯ ಡ್ರಾಯಿಂಗ್, ದಾಖಲೆ ಮಾತ್ರ ಮನೆಗೆ ತರಬೇಡ, ಅದು ನಿನ್ನದಲ್ಲ.

ರಸ್ತೆಯಿಂದ ಸುರಂಗಕ್ಕೋ ಬಂದರಿಗೋ ಜಿಗಿಯೋ ಜಾಗ ನಮ್ಮ ದೇಶದಲ್ಲೇ ಇದೆ. ಮುಂಬೈನಲ್ಲಿ ಬುಲೆಟ್ ರೈಲಿಗೆ 21 ಕಿ.ಮೀ. ಸುರಂಗ, ಅದರಲ್ಲಿ 7 ಕಿ.ಮೀ. ಠಾಣೆ ಖಾರಿಯ (ಒಳಚಾಚಿದ ಸಮುದ್ರ) ಅಡಿಯಲ್ಲಿ. ಇಂಥ ಕಡೆ ಸಂಬಳ ಸ್ವಲ್ಪ ಕಮ್ಮಿ ಅಂದರೂ ಹೋಗು. ಜರ್ಮನಿ ಬೇಡ ಅನ್ನಲ್ಲ, ಆದರೆ ಅಲ್ಲಿ ಸೈಟಿನ ಮಾತು, ಡ್ರಾಯಿಂಗಿನ ಬರಹ ಎರಡೂ ಜರ್ಮನ್. ಭಾಷೆ ಕಲಿಯೋ ಛಲ ಇದ್ದರೆ ಮಾತ್ರ ಹೊರಡು.

ನಿನ್ನ ಕ್ಲಾಸಿನ ಹುಡುಗಿಯರಿಗೂ ಒಂದು ಮಾತು ಮುಟ್ಟಿಸು. ಹೆಣ್ಣು ಸುರಂಗದೊಳಗೆ ಕಾಲಿಟ್ಟರೆ ಅಪಶಕುನ ಅನ್ನೋ ಹಳೇ ನಂಬಿಕೆ ಈ ಕಸುಬಿನಲ್ಲಿ ಇನ್ನೂ ಪೂರ್ತಿ ಸತ್ತಿಲ್ಲ. ಆಫೀಸಿನ ಕುರ್ಚಿ ತೋರಿಸಿದರೆ ಒಪ್ಪಬೇಡಿ, ರಾತ್ರಿ ಪಾಳಿ ಕೇಳಿ ತಗೊಳ್ಳಿ.

ಡಿಸೈನ್ ಟೇಬಲ್:

ವಿಮಾನ ಹತ್ತದೆಯೂ ಶುರು ಮಾಡಬಹುದು. ನಾನು ಬೆಂಗಳೂರಿನಲ್ಲೇ ಕೂತು ಇಂಗ್ಲೆಂಡಿನ ಸೇತುವೆಗಳಿಗೆ ಡಿಸೈನ್ ಮಾಡುತ್ತೇನೆ. ಅಂಥ ಕಚೇರಿಗಳು ಇಲ್ಲಿ ಹಲವು ಇವೆ. 1818ರಿಂದ ಇರುವ ಲಂಡನ್ನಿನ ಐಸಿಇ (ಸಿವಿಲ್ ಎಂಜಿನಿಯರುಗಳ ಸಂಸ್ಥೆ) ಕೊಡುವ ಚಾರ್ಟರ್ಡ್ ಎಂಜಿನಿಯರ್ ಎಂಬ ವೃತ್ತಿ ಮಾನ್ಯತೆಗೂ ಇಲ್ಲಿಂದಲೇ ತಯಾರಿ ನಡೆಸಿದ್ದೇನೆ. ಕೋಡ್ (ಆಯಾ ದೇಶದ ವಿನ್ಯಾಸ ನಿಯಮಗಳ ಪುಸ್ತಕ) ಮಾತ್ರ ಹೊಸದಾಗಿ ಕಲಿಯಬೇಕು. ನಮ್ಮ ಐಎಸ್ 456ರಲ್ಲಿ ಎಂ30 ಅಂದರೆ 150 ಮಿ.ಮೀ. ಕ್ಯೂಬಿನ ಬಲ. ಯೂರೋಕೋಡ್‌ನಲ್ಲಿ ಸಿ25/30 ಎಂದು ಬರೆಯುತ್ತಾರೆ, ಮೊದಲ ಅಂಕಿ ಸಿಲಿಂಡರಿನದು, ಎರಡನೆಯದು ಕ್ಯೂಬಿನದು. ಅಮೆರಿಕದ ಎಸಿಐ 318 ಸಿಲಿಂಡರ್ ಒಂದನ್ನೇ ನೋಡುತ್ತದೆ. ಇದು ಗೊತ್ತಿಲ್ಲದೆ 30 ಎಂಬ ಅಂಕಿಯನ್ನಷ್ಟೇ ಹೋಲಿಸಿದರೆ ಕಾಂಕ್ರೀಟಿನ ದರ್ಜೆಯೇ ತಪ್ಪುತ್ತದೆ.

ಹಾವೇರಿ ಸಿವಿಲ್:

ಏಜೆಂಟ್‌ಗೆ ಬ್ಯಾಡ ಅಂತ ಹೇಳೇನಿ. ಅಪ್ಪಗ ನಿಮ್ಮ ಉತ್ತರ ಓದಿ ಹೇಳಿದೆ, ಅವ್ವಗ ಸಮಾಧಾನ ಆತು. ಅಕ್ಕಾರ, ಇನ್ನೊಂದು: ನಮ್ಮ ಕಾಲೇಜಿಗೆ ಎನ್‌ಬಿಎ ಐತಿ. ಹಂಗಂದ್ರ ಆಸ್ಟ್ರೇಲಿಯಾದಾಗ ಈ ಡಿಗ್ರಿ ನಡೀತೈತೇನ್ರಿ?

ಸುರಂಗ ಪಾಳಿ:

ಎನ್‌ಬಿಎ ಇದ್ದರೆ ಸಾಲದು, ಯಾವ ಟಿಯರ್ (ಮಾನ್ಯತೆಯ ದರ್ಜೆ) ಅಂತ ನೋಡು. ಒಬ್ಬರ ಎಂಜಿನಿಯರಿಂಗ್ ಡಿಗ್ರಿಯನ್ನ ಇನ್ನೊಬ್ಬರು ಒಪ್ಪೋಕೆ ಆಸ್ಟ್ರೇಲಿಯಾವೂ ಸೇರಿ ಹಲವು ದೇಶಗಳು ಮಾಡಿಕೊಂಡ ವಾಷಿಂಗ್ಟನ್ ಒಪ್ಪಂದಕ್ಕೆ ಭಾರತ 2014ರಲ್ಲಿ ಪೂರ್ಣ ಸದಸ್ಯ ಆಯ್ತು, ಆದರೆ ಅದರಡಿ ನಡೆಯೋದು ಟಿಯರ್-1 ಕೋರ್ಸ್ ಮಾತ್ರ. ಸ್ವಾಯತ್ತತೆ ಇಲ್ಲದ ವಿಟಿಯು ಕಾಲೇಜುಗಳಿಗೆ ಸಿಗೋದು ಟಿಯರ್-2. ಕೋರ್ಸಿನ ಹೆಸರು, ನೀನು ಪಾಸಾದ ವರ್ಷ ಎರಡೂ ಮಾನ್ಯತೆಯ ಅವಧಿಯೊಳಗೆ ಬರಬೇಕು.

ಇಲ್ಲದಿದ್ದರೆ ಗಾಬರಿ ಬೇಡ. ಹೊರಗಿನವರ ಅರ್ಹತೆ ತೂಗೋ ಎಂಜಿನಿಯರ್ಸ್ ಆಸ್ಟ್ರೇಲಿಯಾ ಸಂಸ್ಥೆಗೆ ಸಿಡಿಆರ್ ಅನ್ನೋ ವರದಿ ಕೊಡೋ ದಾರಿ ಇದೆ. ಮೂರು ಕೆಲಸಗಳ ಬಗ್ಗೆ ಮೂರು ಬರಹ, ಒಂದೊಂದೂ 1,000ದಿಂದ 2,500 ಪದ, "ನಾನು ಹೀಗೆ ಮಾಡಿದೆ" ಅಂತಲೇ ಬರೆಯಬೇಕು. ಫೈನಲ್ ಇಯರ್ ಪ್ರಾಜೆಕ್ಟ್ ಕೂಡ ಆಗುತ್ತೆ. ದುಡ್ಡಿಗೆ ಬರೆದುಕೊಡೋರು ಸಿಗ್ತಾರೆ, ಹತ್ತಿರ ಹೋಗಬೇಡ. ನಕಲು ಸಿಕ್ಕಿದರೆ ಅರ್ಜಿ ಬೀಳುತ್ತೆ, ಮತ್ತೆ ಹಾಕದಂತೆ ನಿಷೇಧವೂ ಬರಬಹುದು.

ಈಗಿನ ಸೈಟಿನ ಒಂದು ಮೋರಿಯನ್ನೇ ತಗೋ. ತಳಪಾಯ ಯಾಕೆ ಅಷ್ಟು ಆಳ, ನೀರಿನ ಲೆಕ್ಕ ಯಾರು ಮಾಡಿದರು, ಕ್ಯೂಬ್ ಫೇಲಾದರೆ ನೀನು ಏನು ಮಾಡ್ತೀಯ. ಒಂದು ಸಾವಿರ ಪದ ಇಂಗ್ಲಿಷಿನಲ್ಲಿ ಬರಿ, ಕಂಪನಿ ಹೆಸರು ತೆಗೆದು ನನಗೆ ಮೆಸೇಜ್ ಮಾಡು. ಭಾನುವಾರ ಪಾಳಿ ಇರಲ್ಲ, ಓದಿ ಹೇಳ್ತೀನಿ.