ಪದಚರ್ಚೆ: ಹಳೇ ವಾಚಿನ ಡಯಲ್ ‘ಮಾಸಿದೆ’ ಅನ್ನಬಹುದೇ?

ನಮಸ್ಕಾರ. ತಂಗಿಯ ಮಗ ಮೊದಲ ಸಲ ಹಳೇ ವಾಚು ಕೊಳ್ಳಲು ಹೊರಟಿದ್ದಾನೆ. ಕೀ ಕೊಡುವ ಎಚ್‌ಎಂಟಿ ಜನತಾನೇ ಬೇಕಂತೆ. ಏನೇನು ನೋಡಿ ಕೊಳ್ಳಬೇಕು ಅಂತ ಅವನಿಗೆ ಕನ್ನಡದಲ್ಲಿ ಬರೆದುಕೊಡುತ್ತಿದ್ದೇನೆ. ಒಂದೆರಡು ಕಡೆ ಪದ ಸಿಗುತ್ತಿಲ್ಲ.

ಬಹುಪಾಲು ಪದಗಳು ರಿಪೇರಿ ಅಂಗಡಿಯಲ್ಲೇ ಇವೆ: ಮುಳ್ಳು, ಡಯಲ್, ಮಷಿನ್, ಬೆಲ್ಟು. ವಾಚು ‘ಮುಂದೆ ಓಡುತ್ತೆ’, ‘ಹಿಂದೆ ಬೀಳುತ್ತೆ’. ‘ಗಾಜು’ ಅಂತಲೇ ಬರೆದೆ, ಅದು ಅಸಲಿಗೆ ಪ್ಲಾಸ್ಟಿಕ್ ಆದರೂ. ಅದರ ಮೇಲಿನ ಗೀರಿಗೆ ಹೆದರಬೇಕಿಲ್ಲ, ಪಾಲಿಶ್ ಮಾಡಿದರೆ ಹೋಗುತ್ತೆ. ‘ಕೈಗಡಿಯಾರ’ ಮಾತ್ರ ಬಿಟ್ಟೆ. ಪಾಠದ ಪುಸ್ತಕದ ಹೊರಗೆ ಅದನ್ನು ಯಾರೂ ಆಡಲ್ಲ, ಅಲ್ವಾ?

ಕೇಸು, ಅಂದರೆ ವಾಚಿನ ಹೊರಕವಚದ ವಿಚಾರಕ್ಕೆ ಕನ್ನಡದಲ್ಲಿ ಒಳ್ಳೊಳ್ಳೆ ಪದಗಳಿವೆ. ಅಂಚಿನಲ್ಲಿ ಗಿಲೀಟು ಹೋಗಿ ಹಿತ್ತಾಳೆ ಇಣುಕುತ್ತೆ. ಅಲ್ಲಿ ಬೆವರು ಕೂತು ಹಸಿರಾಗಿದ್ದರೆ ಅದು ಕಿಲುಬು. ಒಳಗಿನ ಉಕ್ಕಿಗೆ ಹಿಡಿಯೋದು ತುಕ್ಕು. ಮಾರುವವರು ಎರಡಕ್ಕೂ ‘ಸ್ವಲ್ಪ ರಸ್ಟು ಸಾರ್’ ಅಂದುಬಿಡುತ್ತಾರೆ. ಕಿಲುಬನ್ನು ಒರೆಸಿ ತೆಗೆಯಬಹುದು. ಕೀ ತಿರುಗಿಸುವ ಕಡ್ಡಿಗೆ ತುಕ್ಕು ಹಿಡಿದಿದ್ದರೆ ಮಾತ್ರ ನೀರು ಒಳಗೆ ಹೋಗಿದೆ ಅಂತಲೇ ಲೆಕ್ಕ. ಮೊದಲ ವಾಚಾಗಿ ಅಂಥದ್ದು ಬೇಡ.

ತೊಡಕು ಇರೋದು ಡಯಲ್‌ನಲ್ಲಿ. ಬಿಳಿ ಡಯಲ್ ವರ್ಷಗಳು ಕಳೆದಂತೆ ತಾನಾಗಿ ಕೆನೆ ಬಣ್ಣಕ್ಕೆ ತಿರುಗುತ್ತೆ. ಸಂಗ್ರಹಿಸುವವರಿಗೆ ಅದೇ ಇಷ್ಟ. ಇದಕ್ಕೆ ‘ಮಾಸಿದೆ’ ಅಂದರೆ ನನ್ನ ಕಿವಿಗೆ ಕೊಳೆಯ ಅರ್ಥವೇ ಮೊದಲು ಬರುತ್ತೆ. ಮಾಸಿದ ಪಂಚೆಯನ್ನು ಯಾರು ಇಷ್ಟಪಡುತ್ತಾರೆ? ‘ಹಣ್ಣಾಗಿದೆ’ ಅಂದರೆ ಹೇಗೆ? ಮನುಷ್ಯ ಹಣ್ಣಾಗುತ್ತಾನೆ, ಡಯಲ್ ಆಗಬಾರದೇ?

ಇದರ ಎದುರಿಗಿರೋದು ಹೊಸದಾಗಿ ಪೇಂಟು ಹೊಡೆದ ಡಯಲ್. ಪೇಟೆಯಲ್ಲಿ ಇದು ಬೇಕಾದಷ್ಟಿದೆ. ಕಣ್ಣು ಕುಕ್ಕುವ ಕೆಂಪು, ಕಿತ್ತಳೆ ಬಣ್ಣ. ಎಚ್‌ಎಂಟಿ ಅಕ್ಷರಗಳು ಊದಿಕೊಂಡಿರುತ್ತವೆ. ನಿಮಿಷದ ಗೆರೆಗಳು ಅಂಚಿಗೆ ಸರಿಯಾಗಿ ಕೂತಿರುವುದಿಲ್ಲ. ಆರರ ಕೆಳಗಿನ ಸಣ್ಣ ಅಕ್ಷರಗಳನ್ನು ಭೂತಗನ್ನಡಿಯಲ್ಲಿ ನೋಡಿದರೆ ಶಾಯಿ ಹರಡಿದಂತೆ ಕಾಣುತ್ತೆ. ಗೆಳೆಯರೊಬ್ಬರು ಇದನ್ನು ‘ಸುಣ್ಣ ಹೊಡೆದ ಡಯಲ್’ ಅಂದರು. ನಗು ಬಂತು, ಆದರೆ ‘ಮರುಬಣ್ಣ’ ಅಂತ ಹೊಸೆಯೋದಕ್ಕಿಂತ ಇದೇ ವಾಸಿ ಅನ್ನಿಸಿತು.

ಇನ್ನೊಂದಿದೆ. ಎಚ್‌ಎಂಟಿ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಬೆಂಗಳೂರಿನಲ್ಲಿ ವಾಚು ಮಾಡಲು ಶುರು ಮಾಡಿತು. ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚಲು ಕೇಂದ್ರ ಸಂಪುಟ ಒಪ್ಪಿದ್ದು 2016ರಲ್ಲಿ. ಹಳೇ ವಾಚಿಗೆ ಹೊಸ ಬಿಡಿಭಾಗ ಸಿಗೋದು ಕಷ್ಟ. ಹಾಗಾಗಿ ಒಂದರ ಕೇಸು, ಇನ್ನೊಂದರ ಮಷಿನ್, ಮತ್ತೊಂದರ ಮುಳ್ಳು ಸೇರಿಸಿ ಮಾರೋದು ಮಾಮೂಲು. ಇದಕ್ಕೆ ‘ಬೆರಕೆ ವಾಚು’ ಅಂತ ಬರೆದಿದ್ದೇನೆ. ಬೆರಕೆ ಸೊಪ್ಪಿಗೆ ಮರ್ಯಾದೆ ಇದೆ, ಬೆರಕೆ ಹಾಲಿಗೆ ಇಲ್ಲ. ಓದುವವನು ಇದನ್ನು ಯಾವ ಕಡೆಗೆ ಸೇರಿಸಿಕೊಳ್ಳುತ್ತಾನೋ! ಭಾಗಗಳೆಲ್ಲ ಎಚ್‌ಎಂಟಿಯವೇ ಆಗಿದ್ದು ಬೆಲೆ ಕಮ್ಮಿ ಇದ್ದರೆ, ದಿನಾ ಕಟ್ಟೋಕೆ ಅದು ಕೆಟ್ಟದ್ದೇನಲ್ಲ.

ಕಡೆಗೆ, ಬೆಲ್ಟು ಸಿಕ್ಕಿಸಲು ಕೇಸಿನಿಂದ ಹೊರಚಾಚಿದ ನಾಲ್ಕು ತುದಿಗಳಿವೆಯಲ್ಲ, ಅವಕ್ಕೆ ನಿಮ್ಮ ಕಡೆ ಏನಂತಾರೆ? ಕಿವಿಯೋ, ಕೊಂಬೋ, ಕಾಲೋ? ಗಿಲೀಟು ಜಾಸ್ತಿ ಸವೆಯೋದು ಅಲ್ಲೇ. ಹುಬ್ಬಳ್ಳಿ, ಮಂಗಳೂರು ಕಡೆಯ ರಿಪೇರಿಯವರ ಮಾತು ಗೊತ್ತಿದ್ದವರು ದಯವಿಟ್ಟು ಬರೆಯಿರಿ.