ಮೇಕೆಯ ವರ್ಷದಲ್ಲಿ ಹುಟ್ಟಿದವಳು ಮುನ್ನಡೆಸಬಾರದೇ?

ಸಿಂಗಪುರದ ತಾಯಿಯೊಬ್ಬರು ನಮ್ಮ ಕನ್ನಡ ಗುಂಪಿನಲ್ಲಿ ಕೇಳಿರುವ ಪ್ರಶ್ನೆಗೆ ಸ್ವಲ್ಪ ದೀರ್ಘವಾಗಿಯೇ ಉತ್ತರಿಸಬೇಕೆನಿಸಿದೆ. 2015ರ ಡಿಸೆಂಬರಿನಲ್ಲಿ ಹುಟ್ಟಿದ ಅವರ ಮಗಳು ಶಾಲೆಯಲ್ಲಿ ಪ್ರಿಫೆಕ್ಟ್, ಅಂದರೆ ವಿದ್ಯಾರ್ಥಿ ನಾಯಕಿ, ಆಗಲು ಹೆಸರು ಕೊಡಲು ಹಿಂಜರಿಯುತ್ತಿದ್ದಾಳೆ. ಹನ್ನೆರಡು ಪ್ರಾಣಿಗಳ ಹೆಸರಿನ ವರ್ಷಗಳು ಸರದಿಯಂತೆ ಬರುವ ಚೀನೀ ಪಂಚಾಂಗದ ಪ್ರಕಾರ ಅದು ಮೇಕೆಯ ವರ್ಷ. ಆ ವರ್ಷದ ಮಕ್ಕಳು ಸೌಮ್ಯರು, ಹಿಂಬಾಲಿಸುವವರೇ ಹೊರತು ಮುನ್ನಡೆಸುವವರಲ್ಲ ಎಂದು ಪರಿಚಿತರೊಬ್ಬರು ಹೇಳಿದ ಮಾತು ಹುಡುಗಿಯ ಕಿವಿಗೂ ಬಿದ್ದಿದೆ. ಇದರಲ್ಲಿ ಹುರುಳಿದೆಯೇ ಎಂಬುದು ತಾಯಿಯ ಪ್ರಶ್ನೆ. ಹೇಳಿದವರಲ್ಲಿ ಕೆಟ್ಟ ಉದ್ದೇಶವಿರಲಿಲ್ಲವೆಂದು ನಂಬುತ್ತೇನೆ. ಆದರೂ ಹತ್ತು ವರ್ಷದ ಮಗುವಿನ ಮನಸ್ಸಿನಲ್ಲಿ ಇಂಥ ಮಾತು ಉಳಿದುಬಿಡುತ್ತದೆ.

ಮೊದಲನೆಯದಾಗಿ, ಆ ಶಾಸ್ತ್ರವನ್ನು ಗಂಭೀರವಾಗಿ ಅಭ್ಯಾಸ ಮಾಡಿದವರು ಕೇವಲ ವರ್ಷದ ಪ್ರಾಣಿಯನ್ನು ನೋಡಿ ಇಷ್ಟು ದೂರ ಹೋಗುವುದಿಲ್ಲ. ಜಾತಕ ನೋಡುವ 'ಬಾ ಝಿ' ಎಂಬ ಚೀನೀ ಪದ್ಧತಿಯಲ್ಲಿ ವರ್ಷ, ತಿಂಗಳು, ದಿನ, ಗಳಿಗೆ ಎಂಬ ನಾಲ್ಕು ಕಂಬಗಳಿದ್ದು, ಅವುಗಳಲ್ಲಿ ವ್ಯಕ್ತಿಯನ್ನು ಪ್ರತಿನಿಧಿಸುವುದು ದಿನದ ಅಕ್ಷರವೇ ಹೊರತು ವರ್ಷದ ಪ್ರಾಣಿಯಲ್ಲ. ಅಧಿಕಾರದ ಬಲವನ್ನು ಸೂಚಿಸುವ 'ಚೀ ಶಾ' ಎಂಬ ಅಂಶ ಜಾತಕದಲ್ಲಿದ್ದರೂ, ವಿದ್ಯೆಯನ್ನು ಸೂಚಿಸುವ 'ಯಿನ್'ನಂಥ ಅಂಶ ಅದನ್ನು ಹದಗೊಳಿಸದಿದ್ದರೆ ಆ ಬಲ ಕೆಡುಕಿಗೇ ತಿರುಗುತ್ತದೆ ಎಂಬುದು ಅವರ ಲೆಕ್ಕ. ಪ್ರಭವದಿಂದ ಅಕ್ಷಯದವರೆಗಿನ ನಮ್ಮ ಅರವತ್ತು ಸಂವತ್ಸರಗಳಲ್ಲಿ ಒಂದರ ಹೆಸರನ್ನಷ್ಟೇ ಕೇಳಿ ರಾಜಯೋಗವಿದೆಯೋ ಇಲ್ಲವೋ ಎಂದು ನಮ್ಮ ಜೋಯಿಸರೂ ಹೇಳುವುದಿಲ್ಲವಲ್ಲ.

ನಾವಿರುವ ದೇಶದ ಪ್ರಧಾನಿಗಳನ್ನೇ ನೋಡೋಣ. 1923ರಲ್ಲಿ ಹುಟ್ಟಿದ ಲೀ ಕ್ವಾನ್ ಯೂ ಹಂದಿಯ ವರ್ಷದವರು, 1941ರ ಗೋ ಚೋಕ್ ಟಾಂಗ್ ಹಾವಿನ ವರ್ಷದವರು, 1952ರ ಲೀ ಸಿಯೆನ್ ಲೂಂಗ್ ಡ್ರ್ಯಾಗನ್ ವರ್ಷದವರು, 1972ರ ಲಾರೆನ್ಸ್ ವಾಂಗ್ ಇಲಿಯ ವರ್ಷದವರು. ನಾಯಕತ್ವಕ್ಕೆ ಹೇಳಿ ಮಾಡಿಸಿದ್ದೆಂದು ಎಲ್ಲರೂ ಕೊಂಡಾಡುವ ಡ್ರ್ಯಾಗನ್ ವರ್ಷದವರು ನಾಲ್ವರಲ್ಲಿ ಒಬ್ಬರೇ.

ಈ ಸಂಶಯ ಚೀನಾಕ್ಕೆ ಹೊರಗಿನಿಂದ ಬಂದದ್ದೂ ಅಲ್ಲ. ಕ್ರಿ.ಪೂ. 209ರಲ್ಲಿ ಚೆನ್ ಶೆಂಗ್ ಎಂಬ ಕೂಲಿಯಾಳು, ಗಡಿ ಕಾಯಲು ಹೊರಟಿದ್ದ ಒಂಬೈನೂರು ಜನರೊಂದಿಗೆ ಮಳೆಯಲ್ಲಿ ಸಿಕ್ಕಿಕೊಂಡ. ತಡವಾಗಿ ತಲುಪಿದರೆ ಮರಣದಂಡನೆ ಎಂಬ ಸ್ಥಿತಿಯಲ್ಲಿ ಅವನು ಚಿನ್ ಸಾಮ್ರಾಜ್ಯದ ವಿರುದ್ಧ ಬಂಡೆದ್ದು, ಅರಸರೂ ಸೇನಾಪತಿಗಳೂ ಮಂತ್ರಿಗಳೂ ಹುಟ್ಟಿನಿಂದಲೇ ಬೇರೆ ಬೀಜದವರೇ ಎಂದು ಕೇಳಿದನೆಂದು ಇತಿಹಾಸಕಾರ ಸಿಮಾ ಚಿಯೆನ್ ದಾಖಲಿಸಿದ್ದಾನೆ. ಕ್ರಿ.ಶ. ಮೊದಲನೆಯ ಶತಮಾನದ ಚೀನೀ ಚಿಂತಕ ವಾಂಗ್ ಚುಂಗ್ ಇನ್ನೂ ನೇರವಾಗಿ ತರ್ಕಿಸಿದ: ಇಲಿ ನೀರಿನದು, ಕುದುರೆ ಬೆಂಕಿಯದು, ನೀರು ಬೆಂಕಿಯನ್ನು ಗೆಲ್ಲುತ್ತದೆ ಎಂದಾದರೆ, ಇಲಿಯೇಕೆ ಕುದುರೆಯನ್ನು ಅಟ್ಟಿಸಿಕೊಂಡು ಹೋಗುವುದಿಲ್ಲ?

ನನ್ನನ್ನು ನಿಜಕ್ಕೂ ಚಿಂತೆಗೀಡುಮಾಡುವುದು ಬೇರೆ ಸಂಗತಿ. ಪ್ರಾಣಿಗೆ ಯಾವ ಶಕ್ತಿಯೂ ಇಲ್ಲದಿದ್ದರೂ, ಅದನ್ನು ನಂಬಿದ ಹಿರಿಯರ ನಡವಳಿಕೆಗೆ ಶಕ್ತಿಯಿದೆ. ಅರ್ಥಶಾಸ್ತ್ರಜ್ಞರಾದ ನಾಜಿ ಮೋಜಾನ್ ಮತ್ತು ಹಾನ್ ಯೂ ಅವರು ಚೀನಾದ ಡ್ರ್ಯಾಗನ್ ವರ್ಷದ ಮಕ್ಕಳನ್ನು ಅಧ್ಯಯನ ಮಾಡಿದಾಗ, ಆ ಮಕ್ಕಳು ಪರೀಕ್ಷೆಗಳಲ್ಲಿ ಉಳಿದವರಿಗಿಂತ ಮುಂದಿರುವುದು ಕಂಡುಬಂದಿತು. ಕಾರಣ ಹುಡುಕಿದರೆ, ಆ ಮಕ್ಕಳ ತಂದೆತಾಯಿಯರು ಅವರಿಂದ ಹೆಚ್ಚಿನದನ್ನು ನಿರೀಕ್ಷಿಸಿ, ಅವರಿಗಾಗಿ ಹೆಚ್ಚು ಹಣವನ್ನೂ ಸಮಯವನ್ನೂ ವ್ಯಯಿಸಿದ್ದರು; ಆ ನಿರೀಕ್ಷೆಯನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೆ ಡ್ರ್ಯಾಗನ್ನಿನ ಪ್ರಭಾವವೇ ಉಳಿಯಲಿಲ್ಲ. ಸಿಂಗಪುರದಲ್ಲಿ ಅದೇ ನಂಬಿಕೆ ತದ್ವಿರುದ್ಧ ಫಲ ಕೊಟ್ಟಿದೆ. ಇಲ್ಲಿ 1987ರಲ್ಲಿ ಸುಮಾರು 43,600ರಷ್ಟಿದ್ದ ಜನನಗಳು ಡ್ರ್ಯಾಗನ್ ವರ್ಷವಾದ 1988ರಲ್ಲಿ ಸುಮಾರು 53,000ಕ್ಕೆ ಏರಿದವು. ಹೆಚ್ಚು ಮಕ್ಕಳನ್ನು ಪ್ರೋತ್ಸಾಹಿಸುವ ಸರ್ಕಾರದ ನೀತಿ 1987ರಲ್ಲೇ ಜಾರಿಗೆ ಬಂದಿತ್ತಾದ್ದರಿಂದ ಅದೂ ಒಂದು ಕಾರಣ, ನಿಜ. ಆದರೆ ಇಂಥ ದೊಡ್ಡ ಗುಂಪಿನಲ್ಲಿ ಹುಟ್ಟಿದವರಿಗೆ ವಿಶ್ವವಿದ್ಯಾಲಯದ ಸೀಟಿನಿಂದ ಉದ್ಯೋಗದವರೆಗೆ ಪೈಪೋಟಿ ಹೆಚ್ಚಾಗಿ, ಅವರ ಸರಾಸರಿ ಆದಾಯ ಇತರರಿಗಿಂತ ಕಡಿಮೆಯಾಗಿದೆ ಎಂದು ಇಲ್ಲಿನ ಸಂಶೋಧಕರು ತೋರಿಸಿದ್ದಾರೆ.

ಇಂಥ ನಂಬಿಕೆಯ ಭಾರ ಹೆಚ್ಚಾಗಿ ಬೀಳುವುದು ಹೆಣ್ಣುಮಕ್ಕಳ ಮೇಲೆ. 1966ರಲ್ಲಿ, ಕುದುರೆಗೆ ಬೆಂಕಿಯ ತತ್ವವೂ ಕೂಡುವ ಅಗ್ನಿ ಕುದುರೆಯ ವರ್ಷದಲ್ಲಿ ಹುಟ್ಟುವ ಹೆಣ್ಣು ಗಂಡನಿಗೆ ಕೇಡೆಂಬ ಭಯದಿಂದ ಜಪಾನಿನ ಜನನಗಳು ಒಂದೇ ವರ್ಷದಲ್ಲಿ ಸುಮಾರು ಕಾಲು ಭಾಗದಷ್ಟು ಕುಸಿದವು. ಅರವತ್ತು ವರ್ಷಗಳ ಚಕ್ರ ಉರುಳಿ 2026ರಲ್ಲಿ ಅದೇ ವರ್ಷ ಮತ್ತೆ ಬಂದಿದೆ. ಮೂಲಾ ನಕ್ಷತ್ರದ ಹುಡುಗಿ ಮಾವನಿಗೆ ಆಗದು, ಆಶ್ಲೇಷಾ ಅತ್ತೆಗೆ ಆಗದು ಎಂದು ಸಂಬಂಧಗಳು ಮುರಿದುಬಿದ್ದುದನ್ನು ಕಂಡಿರುವ ನಮಗೆ ಇದರ ನೋವು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾದರೆ ನಾಯಕತ್ವ ಹುಟ್ಟಿನಿಂದ ಬರುವುದೇ ಇಲ್ಲವೇ? ಸ್ವಲ್ಪ ಬರುತ್ತದೆ. ಅಮೆರಿಕದ ಮಿನೆಸೋಟಾದಲ್ಲಿ ಅವಳಿ ಗಂಡಸರನ್ನು ಕುರಿತು ನಡೆದ ಅಧ್ಯಯನದಲ್ಲಿ, ನಾಯಕತ್ವದ ಹುದ್ದೆಗೇರುವ ವಿಷಯದಲ್ಲಿ ಜನರ ನಡುವೆ ಕಾಣುವ ವ್ಯತ್ಯಾಸದ ಸುಮಾರು ಶೇ. 30ರಷ್ಟಕ್ಕೆ ಆನುವಂಶಿಕತೆ ಕಾರಣವೆಂದು ಅಂದಾಜಿಸಲಾಯಿತು. ಉಳಿದದ್ದು ಬೆಳೆದ ಪರಿಸರ ಮತ್ತು ಸಿಕ್ಕ ಅವಕಾಶಗಳಿಗೆ ಸೇರಿದ್ದು.

ಹುಟ್ಟಿದ ದಿನಾಂಕಕ್ಕೂ ಇದರಲ್ಲಿ ಒಂದು ಪಾಲಿದೆ, ಆದರೆ ಅದು ಶಾಲೆಯ ನಿಯಮದ ಮೂಲಕ ಬರುತ್ತದೆ. ಒಂದೇ ತರಗತಿಯಲ್ಲಿ ವಯಸ್ಸಿನಲ್ಲಿ ಹಿರಿಯರಾದ ಮಕ್ಕಳು ಪ್ರೌಢಶಾಲೆಯಲ್ಲಿ ತಂಡದ ನಾಯಕರೋ ಸಂಘದ ಅಧ್ಯಕ್ಷರೋ ಆಗುವ ಸಾಧ್ಯತೆ ಕಿರಿಯರಿಗಿಂತ ಶೇ. 4ರಿಂದ 11ರಷ್ಟು ಹೆಚ್ಚು ಎಂದು ಅಮೆರಿಕದ ಅಂಕಿಅಂಶಗಳನ್ನು ಆಧರಿಸಿದ 2008ರ ಅಧ್ಯಯನವೊಂದು ತೋರಿಸಿತು. ಸಿಂಗಪುರದಲ್ಲಿ ಶಾಲೆಗೆ ಸೇರಿಸಿಕೊಳ್ಳುವುದು ಹೆಚ್ಚುಕಡಿಮೆ ಜನವರಿಯಿಂದ ಡಿಸೆಂಬರಿನವರೆಗಿನ ಲೆಕ್ಕದಲ್ಲಿ. 2015ರ ಮೇಕೆಯ ವರ್ಷ ಆರಂಭವಾದದ್ದು ಫೆಬ್ರವರಿ 19ರಂದು. ಅಂದರೆ ಈ ಹುಡುಗಿಯ ತರಗತಿಯಲ್ಲಿ ಜನವರಿಯಲ್ಲಿ ಹುಟ್ಟಿದವರೆಲ್ಲ ಚೀನೀ ಲೆಕ್ಕದಲ್ಲಿ ಇನ್ನೂ ಕುದುರೆಯ ವರ್ಷದವರು, ಮತ್ತು ಅವಳಿಗಿಂತ ಸುಮಾರು ಹನ್ನೊಂದು ತಿಂಗಳು ದೊಡ್ಡವರು. ಅವರು ಹೆಚ್ಚು ಧೈರ್ಯವಾಗಿ ಮಾತನಾಡಿದಾಗ ಕುದುರೆ ಚುರುಕು, ಮೇಕೆ ಮೆತ್ತಗೆ ಎಂಬ ಮಾತಿಗೆ ಪುರಾವೆ ಸಿಕ್ಕಂತೆ ಕಾಣುವುದು ಸಹಜ. ನಮಗೆ ಕಾಣುತ್ತಿರುವುದು ಮಾತ್ರ ವಯಸ್ಸಿನ ಅಂತರವಷ್ಟೇ.

ಆದ್ದರಿಂದ ಆ ತಾಯಿಗೆ ನನ್ನ ಸಲಹೆಯಿಷ್ಟು: ಮಗಳೊಡನೆ ಕುಳಿತು ಈ ಫೆಬ್ರವರಿ 19ರ ಲೆಕ್ಕವನ್ನು ಅವಳಿಗೇ ಬಿಡಿಸಿ ತೋರಿಸಿ, ಪ್ರಿಫೆಕ್ಟ್ ಪಟ್ಟಿಗೆ ಹೆಸರು ಕೊಡುವ ನಿರ್ಧಾರವನ್ನು ಅವಳಿಗೇ ಬಿಡಿ. ವಾರಾಂತ್ಯದ ಕನ್ನಡ ತರಗತಿ ನಡೆಸುವವರಲ್ಲೂ ಒಂದು ವಿನಂತಿಯಿದೆ. ರಾಜ್ಯೋತ್ಸವದ ನಿರೂಪಣೆಯಾಗಲಿ ನಾಟಕದ ತಾಲೀಮಿನ ಉಸ್ತುವಾರಿಯಾಗಲಿ, ಪ್ರತಿ ವರ್ಷ ಕೈ ಎತ್ತುವ ಅದೇ ದೊಡ್ಡ ಮಕ್ಕಳಿಗೆ ಕೊಡದೆ ಸರದಿಯ ಮೇಲೆ ಹಂಚಿ. ಈ ನವೆಂಬರಿನ ಸರದಿಯನ್ನು ವರ್ಷದ ಕೊನೆಯ ತಿಂಗಳುಗಳಲ್ಲಿ ಹುಟ್ಟಿದವರಿಂದ ಆರಂಭಿಸಬಹುದು.